ಹಳೆಯ ಈಥರ್ ಬಾಟಲಿ: ಎಷ್ಟು ಜೋರಾದ ಪೆಟ್ಟು ಬಿದ್ದರೆ ಸಿಡಿಯುತ್ತದೆ ಎಂದು ಅಳೆದು ನೋಡಬಹುದೇ?

ಪ್ರಶ್ನೆ: ಸರ್, ನಾನು ಕಲಬುರಗಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಉಪನ್ಯಾಸಕಿ. ಕಾಲೇಜಿನ ಗುಣಮಟ್ಟ ಪರಿಶೀಲಿಸುವ ನ್ಯಾಕ್ ತಂಡ ಬರುತ್ತದೆ ಎಂದು ಸ್ಟೋರ್ ರೂಮ್ ಶುಚಿ ಮಾಡಿಸುತ್ತಿದ್ದೆವು. ಹಿಂದಿನ ಕಪಾಟಿನಲ್ಲಿ ಡೈಈಥೈಲ್ ಈಥರ್‌ನ ಎರಡು ಕಂದು ಬಾಟಲಿ ಸಿಕ್ಕವು. ಒಂದರ ಮೇಲೆ 2011 ಎಂದಿದೆ. ಇನ್ನೊಂದರ ಲೇಬಲ್ ಅಳಿಸಿಹೋಗಿದೆ, ಕಾಲು ಭಾಗ ಮಾತ್ರ ಉಳಿದಿದೆ, ಮುಚ್ಚಳದ ಸುತ್ತ ಬಿಳಿ ಪುಡಿಯಂಥದ್ದು ಕಟ್ಟಿದೆ. ಪಕ್ಕದಲ್ಲೇ ಒಣಗಿದಂತೆ ಕಾಣುವ ಪಿಕ್ರಿಕ್ ಆಸಿಡ್ ಬಾಟಲಿಯೂ ಇದೆ. ನಮ್ಮ ಹಿರಿಯ ಸಹೋದ್ಯೋಗಿ "ಅಲ್ಲಾಡಿಸಿದರೆ ಸಾಕು, ಸಿಡಿಯುತ್ತೆ" ಅಂದರು. ಇನ್ನೊಬ್ಬರು "ಸುಮ್ನೆ ಹೆದರಿಸ್ತಾರೆ, ಬಯಲಲ್ಲಿ ಸುರಿದು ಬಿಸಿಲಿಗೆ ಬಿಡಿ, ಹಾರಿಹೋಗುತ್ತೆ" ಅಂದರು. ಭೌತಶಾಸ್ತ್ರದವರ ಸಲಹೆ ಬೇರೆ: ಕೆಲವು ಹನಿ ತೆಗೆದು, ಮೇಲಿಂದ ತೂಕ ಬೀಳಿಸಿ ನೋಡಿದರೆ ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತದಂತೆ. ಹಾಗೆ ಅಳೆಯಬಹುದಾ? ಸುರಕ್ಷತಾ ಹಾಳೆಯಲ್ಲಿ "ಆಘಾತಕ್ಕೆ ಸೂಕ್ಷ್ಮ" ಎಂದು ಬರೆಯುತ್ತಾರಲ್ಲ, ಅದು ಎಷ್ಟು ಆಘಾತ?

ಉತ್ತರ: ಮೇಡಂ, ವಿವರಣೆಗೆ ಮೊದಲು ಒಂದು ಮಾತು. ಆ ಮೂರೂ ಬಾಟಲಿಗಳನ್ನು ಇದ್ದ ಜಾಗದಲ್ಲೇ ಬಿಡಿ. ಮುಚ್ಚಳ ಮುಟ್ಟಬೇಡಿ. ರೂಮಿಗೆ ಬೀಗ ಹಾಕಿ, ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಶುಚಿ ಮಾಡುವ ಅಟೆಂಡರ್‌ಗೆ ನೀವೇ ಬಾಯಿಬಿಟ್ಟು ಹೇಳಿ. ಚೀಟಿ ಎಲ್ಲರೂ ಓದುವುದಿಲ್ಲ. ಇಷ್ಟು ಮಾಡಿ ಬಂದು ಮುಂದಕ್ಕೆ ಓದಿ.

ನಿಮ್ಮ ಹಿರಿಯರು ಹೇಳಿದ್ದರಲ್ಲೂ ಅರ್ಧ ಸತ್ಯ ಇದೆ, ಬಿಸಿಲಿಗೆ ಬಿಡಿ ಅಂದವರ ಮಾತಿನಲ್ಲೂ ಒಂದು ಸಣ್ಣ ಸತ್ಯ ಇದೆ. ಅದಕ್ಕೇ ಇಂಥ ಸಲಹೆಗಳು ಅಪಾಯ. ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಸೂಕ್ಷ್ಮತೆಯನ್ನು ಅಳೆಯುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಸ್ಟೋರ್ ರೂಮಿನಲ್ಲಿ ಏನು ಮಾಡಬೇಕು ಎಂಬುದಕ್ಕೂ ಉತ್ತರ ಅಲ್ಲೇ ಸಿಗುತ್ತದೆ.

ನಿಮ್ಮ ಭೌತಶಾಸ್ತ್ರದ ಸಹೋದ್ಯೋಗಿ ಹೇಳಿದ ವಿಧಾನ ಕಟ್ಟುಕಥೆಯಲ್ಲ. ಸ್ಫೋಟಕ ಪ್ರಯೋಗಾಲಯಗಳಲ್ಲಿ ಬೀಳುವ ತೂಕದ ಯಂತ್ರ ಎಂಬುದೊಂದು ಇದೆ. ಹನಿಯಷ್ಟು ದ್ರವವನ್ನು ಪುಟ್ಟ ಉಕ್ಕಿನ ಬಟ್ಟಲಲ್ಲಿಟ್ಟು, ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬಿಡುತ್ತಾರೆ. ಸಿಡಿದರೆ ಮುಂದಿನ ಸಲ ಎತ್ತರ ಒಂದು ಮೆಟ್ಟಿಲು ಇಳಿಸುತ್ತಾರೆ. ಸಿಡಿಯದಿದ್ದರೆ ಒಂದು ಮೆಟ್ಟಿಲು ಏರಿಸುತ್ತಾರೆ. ಹೀಗೆ ಹತ್ತಾರು ಸಲ ಏರಿಳಿಸಿ, ನೂರಕ್ಕೆ ಐವತ್ತು ಸಲ ಸಿಡಿಯುವ ಎತ್ತರವನ್ನು ಲೆಕ್ಕ ಹಾಕುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬ್ರೂಸ್ಟನ್‌ನಲ್ಲಿ ಈ ಪದ್ಧತಿ ರೂಪುಗೊಂಡಿತು. ಇವತ್ತಿಗೂ ಅದನ್ನು ಬ್ರೂಸ್ಟನ್ ವಿಧಾನ ಎಂದೇ ಕರೆಯುತ್ತಾರೆ.

ಆ ಸಂಖ್ಯೆಯ ಅರ್ಥವನ್ನು ಸರಿಯಾಗಿ ನೋಡಿ. "ಇಷ್ಟು ಎತ್ತರಕ್ಕೆ ಐವತ್ತು ಪ್ರತಿಶತ" ಎಂದರೆ ಅದಕ್ಕಿಂತ ಕೆಳಗೆ ಸುರಕ್ಷಿತ ಎಂದಲ್ಲ. ಕೆಳಗಿನ ಎತ್ತರಗಳಲ್ಲೂ ಆಗೊಮ್ಮೆ ಈಗೊಮ್ಮೆ ಸಿಡಿಯುತ್ತದೆ. ಇದರ ಕೆಳಗೆ ಎಂದೂ ಸಿಡಿಯುವುದಿಲ್ಲ ಎನ್ನುವ ಗೆರೆಯನ್ನು ಆ ಯಂತ್ರ ಎಳೆದು ಕೊಡುವುದಿಲ್ಲ.

ಶಕ್ತಿಯ ಅಂದಾಜು ಬೇಕಾದರೆ ಹೀಗೆ ಯೋಚಿಸಿ. ಒಂದು ಕಿಲೋ ತೂಕವನ್ನು 20 ಸೆಂ.ಮೀ. ಮೇಲಿಂದ ಬಿಟ್ಟರೆ ಸುಮಾರು 2 ಜೌಲ್. ವಿಶ್ವಸಂಸ್ಥೆಯ ಸಾಗಣೆ ನಿಯಮಗಳ ಪ್ರಕಾರ, ಜರ್ಮನ್ ಮಾದರಿಯ ಬೀಳುವ ಸುತ್ತಿಗೆ ಪರೀಕ್ಷೆಯಲ್ಲಿ 2 ಜೌಲ್ ಅಥವಾ ಅದಕ್ಕಿಂತ ಕಡಿಮೆಗೆ ಸಿಡಿಯುವ ವಸ್ತುವನ್ನು ಆ ರೂಪದಲ್ಲಿ ಸಾಗಿಸುವಂತೆಯೇ ಇಲ್ಲ. ಟಿಎನ್‌ಟಿ ಎಂಬ ಸ್ಫೋಟಕ ಸಿಡಿಯಲು ಸುಮಾರು 15 ಜೌಲ್ ಬೇಕು. ನೈಟ್ರೋಗ್ಲಿಸರಿನ್‌ಗೆ ಒಂದು ಜೌಲ್ ಅಥವಾ ಅದಕ್ಕೂ ಕಡಿಮೆ ಸಾಕು. ನೈಟ್ರೋಗ್ಲಿಸರಿನ್‌ಗೆ ಒಂದೇ ಅಂಕಿ ಯಾಕೆ ಕೊಡಲಿಲ್ಲ ಅಂದರೆ, ಒಂದು ಯಂತ್ರದಲ್ಲಿ ಬಂದ ಅಂಕಿ ಇನ್ನೊಂದರಲ್ಲಿ ಬರುವುದಿಲ್ಲ. ಬಟ್ಟಲಿನ ಆಕಾರ, ಉಕ್ಕಿನ ಗಡಸು, ದ್ರವದ ಮೇಲೆ ಬಿಟ್ಟ ಜಾಗ, ಇಷ್ಟು ಬದಲಾದರೂ ಫಲಿತಾಂಶ ಬದಲಾಗುತ್ತದೆ.

ದ್ರವಗಳ ವಿಷಯದಲ್ಲಂತೂ ಈ ತೊಂದರೆ ಜಾಸ್ತಿ. ಕಾರಣ ಗಾಳಿಗುಳ್ಳೆ. ಕೇಂಬ್ರಿಡ್ಜ್‌ನಲ್ಲಿ ಬೌಡನ್ ಮತ್ತು ಯೋಫೆ ಎಂಬ ವಿಜ್ಞಾನಿಗಳು ಕಳೆದ ಶತಮಾನದ ನಡುಭಾಗದಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ದ್ರವದೊಳಗೆ ಸಣ್ಣದೊಂದು ಗುಳ್ಳೆ ಇದ್ದಾಗ ಪೆಟ್ಟು ಬಿದ್ದರೆ, ಆ ಗುಳ್ಳೆ ಕ್ಷಣಾರ್ಧದಲ್ಲಿ ಹಿಂಡಿಹೋಗುತ್ತದೆ. ಒಳಗಿನ ಅನಿಲ ನೂರಾರು ಡಿಗ್ರಿ ಬಿಸಿಯಾಗುತ್ತದೆ. ಟ್ರ್ಯಾಕ್ಟರ್‌ನ ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲದೆ, ಬರೀ ಗಾಳಿ ಒತ್ತಿದ್ದರಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದಲ್ಲ, ಅದೇ ತತ್ವ. ಹಾಗೆ ಬಿಸಿಯಾದ ಚುಕ್ಕೆಯಿಂದ ಸ್ಫೋಟ ಶುರುವಾಗುತ್ತದೆ. ಗುಳ್ಳೆ ಇಲ್ಲದ ಅದೇ ದ್ರವ ಎಷ್ಟೋ ಪಟ್ಟು ದೊಡ್ಡ ಪೆಟ್ಟನ್ನೂ ತಡೆದುಕೊಳ್ಳುತ್ತದೆ. ಅಂದರೆ ನೀವು ಅಳೆಯುತ್ತಿರುವುದು ದ್ರವದ ಗುಣವನ್ನೋ ಗುಳ್ಳೆಯ ಗಾತ್ರವನ್ನೋ ಎಂಬುದೇ ದೊಡ್ಡ ಪ್ರಶ್ನೆ.

ಇದು ಪುಸ್ತಕದ ಚರ್ಚೆಯಾಗಿ ಉಳಿಯಲಿಲ್ಲ. ನೈಟ್ರೋಮೀಥೇನ್ ಎಂಬ ದ್ರಾವಕವನ್ನು ನೋಡಿ. ತೂಕ ಬೀಳಿಸಿದರೆ ಅದು ಸುಲಭಕ್ಕೆ ಜಗ್ಗುವುದಿಲ್ಲ. ಹಾಗಾಗಿ ಅಮೆರಿಕದಲ್ಲಿ ಅದನ್ನು ರೈಲಿನ ಟ್ಯಾಂಕರ್‌ಗಳಲ್ಲಿ ಸಾಮಾನ್ಯ ದ್ರಾವಕದಂತೆ ಸಾಗಿಸುತ್ತಿದ್ದರು. 1958ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್‌ನಲ್ಲಿ ಒಂದು ಟ್ಯಾಂಕರ್ ಸಿಡಿಯಿತು. ಅದೇ ವರ್ಷ ಜೂನ್‌ನಲ್ಲಿ ಇಲಿನಾಯ್‌ನ ಮೌಂಟ್ ಪುಲಾಸ್ಕಿಯಲ್ಲಿ ಮತ್ತೊಂದು. ಟ್ಯಾಂಕರ್ ಅಲುಗಿದಾಗ ದ್ರವ ಉಕ್ಕಿ, ಒಳಗಿದ್ದ ಅನಿಲ ಒಮ್ಮೆಲೇ ಒತ್ತಿಹೋಗಿ ಬಿಸಿಯಾಗಿದ್ದು ಕಾರಣವಿರಬಹುದು ಎಂಬುದು ಆಮೇಲೆ ಮುಂದಿಟ್ಟ ಮುಖ್ಯ ವಿವರಣೆಗಳಲ್ಲಿ ಒಂದು. ಆ ಮೇಲೆ ಅದನ್ನು ಡ್ರಮ್ಮುಗಳಲ್ಲಿ ಸಾಗಿಸತೊಡಗಿದರು. ಹನಿಯ ಮೇಲೆ ತೂಕ ಬೀಳಿಸಿ ಪಡೆದ ಭರವಸೆ ಟ್ಯಾಂಕರ್ ಮಟ್ಟದಲ್ಲಿ ನಿಲ್ಲಲಿಲ್ಲ.

ಬೀಳುವ ತೂಕದ ಪೆಟ್ಟಿನ ಮಟ್ಟಿಗೆ ಸೂಕ್ಷ್ಮವಾಗಿರುವುದು ಒಂದು, ಆಘಾತ ತರಂಗಕ್ಕೆ ಸೂಕ್ಷ್ಮವಾಗಿರುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ಪರೀಕ್ಷೆ ಇದೆ. ಒಂದು ಕಡೆ ಸ್ಫೋಟಕ, ಇನ್ನೊಂದು ಕಡೆ ಪರೀಕ್ಷಿಸುವ ದ್ರವ, ನಡುವೆ ಪ್ಲಾಸ್ಟಿಕ್ ತಡೆ. ಎಷ್ಟು ದಪ್ಪದ ತಡೆಯನ್ನು ದಾಟಿಯೂ ಸ್ಫೋಟ ಆ ಕಡೆಗೆ ಹೋಗುತ್ತದೆ ಎಂದು ನೋಡುತ್ತಾರೆ. ತಡೆ ದಪ್ಪವಾದಷ್ಟೂ ದ್ರವ ಹೆಚ್ಚು ಸೂಕ್ಷ್ಮ ಎಂದರ್ಥ. ತೂಕ ಬೀಳಿಸಿದಾಗ ಸುಮ್ಮನಿರುವ ನೈಟ್ರೋಮೀಥೇನ್, ಬಲವಾದ ತರಂಗ ಬಂದರೆ ಪೂರ್ತಿ ಸಿಡಿಯುತ್ತದೆ. ಹಾಗಾಗಿ "ಇದು ಎಷ್ಟು ಸೂಕ್ಷ್ಮ" ಎಂದು ಕೇಳಿದರೆ ನಮ್ಮ ಕ್ಷೇತ್ರದವರು ಮೊದಲು ಕೇಳುವುದು, "ಯಾವುದಕ್ಕೆ?" ಎಂದು. ಇಂಥ ಪರೀಕ್ಷೆಗಳು ಪುಣೆಯಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಚ್‌ಇಎಂಆರ್‌ಎಲ್‌ನಂಥ ಪ್ರಯೋಗಾಲಯಗಳ ಕೆಲಸ. ದಪ್ಪ ಗೋಡೆ, ದೂರದಿಂದ ನಡೆಸುವ ಯಂತ್ರ, ಅನುಭವಿ ಜನ ಎಲ್ಲ ಇರುವ ಜಾಗ. ನಮ್ಮ ದೇಶದಲ್ಲಿ ಸ್ಫೋಟಕಗಳ ತಯಾರಿಕೆ, ದಾಸ್ತಾನು, ಬಳಕೆ ಎಲ್ಲವೂ 1884ರ ಕಾಯ್ದೆ ಮತ್ತು 2008ರ ನಿಯಮಗಳ ಕೆಳಗೆ ಬರುತ್ತವೆ. ಕಾಲೇಜಿನ ಭೌತಶಾಸ್ತ್ರ ಲ್ಯಾಬ್ ಅದಕ್ಕೆ ಜಾಗವಲ್ಲ.

ಕಾನೂನು ಬಿಡಿ. ಕಾನೂನೇ ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಯಾಕೆಂದರೆ ಸೂಕ್ಷ್ಮತೆಯ ಅಂಕಿಗೆ ಅರ್ಥ ಬರುವುದು ಒಳಗೆ ಏನಿದೆ ಎಂದು ಗೊತ್ತಿದ್ದಾಗ ಮಾತ್ರ. ನಿಮ್ಮ ಬಾಟಲಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಮೇಲೆ ಒಂದು, ತಳದಲ್ಲಿ ಒಂದು, ಮುಚ್ಚಳದ ಸುತ್ತ ಇನ್ನೊಂದು ಇರಬಹುದು. ನಡುವಿನಿಂದ ತೆಗೆದ ನಾಲ್ಕು ಹನಿ ಸಿಡಿಯದಿದ್ದರೆ ಮುಚ್ಚಳದ ಪುಡಿ ಸಿಡಿಯುವುದಿಲ್ಲ ಎಂದೇನೂ ಅಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ನಾಲ್ಕು ಹನಿ ತೆಗೆಯಲು ಮುಚ್ಚಳ ತಿರುಗಿಸಬೇಕು. ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆ ಅದೇ. ಪರೀಕ್ಷೆ ಶುರುವಾಗುವ ಮೊದಲೇ ಅಪಾಯ ಮೈಮೇಲೆ ಬಂದಿರುತ್ತದೆ.

ಈಗ ಈಥರ್ ಹೀಗಾಗುವುದು ಯಾಕೆ ಎಂದು ನೋಡೋಣ. ಶುದ್ಧ ಈಥರ್ ಪೆಟ್ಟು ಬಿದ್ದರೆ ಸಿಡಿಯುವ ವಸ್ತುವಲ್ಲ. ಅದರ ಅಪಾಯ ಬೆಂಕಿ. ಆದರೆ ಗಾಳಿಯ ಆಮ್ಲಜನಕ ಅದರೊಂದಿಗೆ ನಿಧಾನವಾಗಿ ಸೇರಿ ಪೆರಾಕ್ಸೈಡ್ ಎಂಬ ಸಿಡಿಯುವ ವಸ್ತು ಆಗುತ್ತದೆ. ಬೆಳಕು ಬಿದ್ದರೆ ಇನ್ನೂ ಬೇಗ. ಅದಕ್ಕೇ ಕಂದು ಬಾಟಲಿ. ತಯಾರಕರು ಇದನ್ನು ತಡೆಯಲು ಬಿಎಚ್‌ಟಿ ಎಂಬ ವಸ್ತುವನ್ನು ಅತಿ ಸ್ವಲ್ಪ ಸೇರಿಸಿರುತ್ತಾರೆ. ಅದು ಖರ್ಚಾಗುತ್ತಾ ಹೋಗುತ್ತದೆ. ಮುಗಿದ ಮೇಲೆ ತಡೆಯುವವರು ಯಾರೂ ಇಲ್ಲ.

ಈಥರ್‌ಗಿಂತ ಪೆರಾಕ್ಸೈಡ್ ತುಂಬಾ ನಿಧಾನವಾಗಿ ಆವಿಯಾಗುತ್ತದೆ. ನಿಮ್ಮ ಮೂರೂ ಸಲಹೆಗಾರರ ಮಾತನ್ನು ಈ ಒಂದು ವಿಷಯದಿಂದ ಅಳೆಯಬಹುದು.

ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ನಿಮ್ಮ ಕಲಬುರಗಿಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ದಾಟುತ್ತದೆ. ಫ್ಯಾನ್ ಇಲ್ಲದ, ಕಿಟಕಿ ಮುಚ್ಚಿದ ಸ್ಟೋರ್ ರೂಮ್ ಹೇಗಿರುತ್ತದೆ ಎಂದು ನಾನು ಹೇಳಬೇಕಿಲ್ಲ. ಪ್ರತಿ ಬೇಸಿಗೆಯಲ್ಲೂ ಬಾಟಲಿಯೊಳಗೆ ಒತ್ತಡ ಏರಿ, ಮುಚ್ಚಳದ ಸಂದಿನಿಂದ ಆವಿ ಹೊರಹೋಗುತ್ತದೆ. ಚಳಿಗಾಲದಲ್ಲಿ ಗಾಳಿ ಒಳಗೆ ಬರುತ್ತದೆ. ವರ್ಷದಿಂದ ವರ್ಷಕ್ಕೆ ಈಥರ್ ಕಡಿಮೆಯಾಗುತ್ತದೆ, ಪೆರಾಕ್ಸೈಡ್ ಉಳಿಯುತ್ತದೆ. ಕಾಲು ಭಾಗ ಮಾತ್ರ ಉಳಿದ ಆ ಎರಡನೇ ಬಾಟಲಿ ನನಗೆ ಮೊದಲಿನದ್ದಕ್ಕಿಂತ ಜಾಸ್ತಿ ಚಿಂತೆ ತರುವುದು ಈ ಕಾರಣಕ್ಕೇ.

ಹಾಗಾದರೆ "ಅಲ್ಲಾಡಿಸಿದರೆ ಸಿಡಿಯುತ್ತೆ" ಎಂಬುದು ನಿಜವಾ? ತೆಳುವಾಗಿ ಕರಗಿರುವ ಪೆರಾಕ್ಸೈಡ್, ಬಾಟಲಿ ಅಲುಗಿದ ಮಾತ್ರಕ್ಕೆ ಸಿಡಿಯುವುದಿಲ್ಲ. ಆ ಭಯ ಅತಿಯಾದದ್ದು. ಆದರೆ ಆವಿಯಾಗಿ ಉಳಿದ ಅಂಟು, ತಳದ ದಪ್ಪ ದ್ರವ, ಮುಚ್ಚಳದ ತಿರುಪಿನ ಸಂದಿನಲ್ಲಿ ಒಣಗಿದ ಪುಡಿ, ಇವು ಉಜ್ಜಾಟಕ್ಕೂ ಸಿಡಿಯಬಲ್ಲವು. ನಿಮ್ಮ ಬಿಳಿ ಪುಡಿ ಪೆರಾಕ್ಸೈಡೇ ಇರಬಹುದು, ಬೇರೇನೋ ಇರಬಹುದು. ನೋಡಿ ಹೇಳಲಾಗದು. ಪೆರಾಕ್ಸೈಡ್ ಎಂದೇ ತಿಳಿದು ನಡೆದುಕೊಳ್ಳಬೇಕು. ದ್ರವ ತಿಳಿಯಾಗಿ ನೀರಿನಂತೆ ಕಾಣುತ್ತಿದ್ದರೂ ಧೈರ್ಯ ಬೇಡ. ಕರಗಿದ ಪೆರಾಕ್ಸೈಡ್‌ಗೆ ಬಣ್ಣವಿಲ್ಲ.

"ಬಿಸಿಲಿಗೆ ಬಿಡಿ" ಎಂಬ ಸಲಹೆಯಲ್ಲಿ ಸತ್ಯ ಇಷ್ಟೇ: ಈಥರ್ ಹಾರಿಹೋಗುತ್ತದೆ. ಹಾರದೆ ಉಳಿಯುವುದೇ ಸಿಡಿಯುವ ಭಾಗ. ಅಪಾಯವನ್ನು ಕೈಯಾರೆ ಸೋಸಿ ತೆಗೆದಂತಾಗುತ್ತದೆ. ಲ್ಯಾಬ್‌ಗಳಲ್ಲಿ ಈಥರ್ ಅವಘಡಗಳು ಬಟ್ಟಿ ಇಳಿಸುವಾಗ, ಅದೂ ಫ್ಲಾಸ್ಕ್ ಒಣಗುವ ಹೊತ್ತಿಗೆ ಆಗುವುದೂ ಇದರಿಂದಲೇ. ಜೊತೆಗೆ ಈಥರ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಬೀಡಿ ಕಿಡಿಗೂ ಹೊತ್ತಿಕೊಳ್ಳುತ್ತದೆ. ಸಿಂಕ್‌ಗೆ ಸುರಿದರೆ ಚರಂಡಿ ಪೈಪಿನೊಳಗೆ ಅದೇ ಕಥೆ.

ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂದು ನಂಬಿದವರನ್ನೂ ನೋಡಿದ್ದೇನೆ. ತಂಪು ಪೆರಾಕ್ಸೈಡ್ ಆಗುವುದನ್ನು ನಿಲ್ಲಿಸುವುದಿಲ್ಲ. ಮನೆಬಳಕೆಯ ಫ್ರಿಜ್ ಒಳಗಿನ ಸ್ವಿಚ್ಚಿನ ಕಿಡಿ ಈಥರ್ ಆವಿಗೆ ಬೆಂಕಿ ಹಚ್ಚಲು ಸಾಕು.

ಒಂದು ಸಮಾಧಾನದ ವಿಷಯವೂ ಇದೆ. ಸಸ್ಯಶಾಸ್ತ್ರದವರು ಪತ್ರಹರಿತ್ತು ಬೇರ್ಪಡಿಸಲು ಬಳಸುವ ಪೆಟ್ರೋಲಿಯಂ ಈಥರ್ ಹೆಸರಿಗಷ್ಟೇ ಈಥರ್. ಅದು ಪೆಟ್ರೋಲಿನ ಬಳಗದ್ದು. ಬೆಂಕಿಯ ಭಯ ಇದ್ದೇ ಇದೆ, ಪೆರಾಕ್ಸೈಡ್ ಭಯ ಇಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ. ಆದರೆ ಟಿಎಚ್‌ಎಫ್, ಡೈಆಕ್ಸೇನ್ ಎಂಬ ದ್ರಾವಕಗಳು ಇದ್ದರೆ ಅವು ಈಥರ್ ಜೊತೆಯವೇ. ಐಸೊಪ್ರೊಪೈಲ್ ಈಥರ್ ಇದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಅದರ ಪೆರಾಕ್ಸೈಡ್ ಹರಳಾಗಿ ಕಟ್ಟುತ್ತದೆ. ಪ್ರಾಣಿಶಾಸ್ತ್ರ ವಿಭಾಗದಲ್ಲೂ ಒಮ್ಮೆ ವಿಚಾರಿಸಿ. ಹಣ್ಣುನೊಣದ ಪ್ರಯೋಗಕ್ಕೆಂದು ತರಿಸಿದ ಈಥರ್ ಅವರ ಕಪಾಟಿನಲ್ಲಿ ಉಳಿದಿರುವುದು ಸಾಮಾನ್ಯ.

ಇನ್ನು ಮಾಡಬೇಕಾದ ಕೆಲಸ. ಬಾಟಲಿಯ ಚರಿತ್ರೆಯೇ ಇಲ್ಲಿ ನಿಮ್ಮ ಅಳತೆಗೋಲು. ಯಾವಾಗ ಬಂತು, ಯಾವಾಗ ತೆರೆದರು, ಎಷ್ಟು ಉಳಿದಿದೆ, ಮುಚ್ಚಳದಲ್ಲಿ ಏನು ಕಾಣುತ್ತದೆ. ಮುಟ್ಟದೆಯೇ ಇಷ್ಟನ್ನೂ ತಿಳಿಯಬಹುದು. ದಾಸ್ತಾನು ಪುಸ್ತಕ ತೆಗೆದು ಆ ಎರಡನೇ ಬಾಟಲಿ ಯಾವ ವರ್ಷದ್ದು ಎಂದು ಹುಡುಕಿ.

ತೆರೆದು ಒಂದು ವರ್ಷದೊಳಗಿನ, ದಿನಾಂಕ ಗೊತ್ತಿರುವ, ಮುಚ್ಚಳ ಸ್ವಚ್ಛವಾಗಿರುವ ಈಥರ್ ಆಗಿದ್ದರೆ ಪೆರಾಕ್ಸೈಡ್ ಅಳೆಯುವ ಪಟ್ಟಿಯಿಂದ (ಟೆಸ್ಟ್ ಸ್ಟ್ರಿಪ್) ನೀವೇ ಪರೀಕ್ಷಿಸಬಹುದಿತ್ತು. ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಹೀಗಿದೆ: 25 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 25 ಭಾಗ) ಕಡಿಮೆ ಇದ್ದರೆ ಬಳಸಬಹುದು, 25ರಿಂದ 100ರವರೆಗೆ ಇದ್ದರೆ ಬಟ್ಟಿ ಇಳಿಸುವುದು, ಆವಿ ಮಾಡುವುದು ಬೇಡ, 100 ದಾಟಿದರೆ ವಿಲೇವಾರಿಗೆ ಕಳಿಸಬೇಕು. ಫೆರಸ್ ಸಲ್ಫೇಟ್ ದ್ರಾವಣದಿಂದ ಪೆರಾಕ್ಸೈಡ್ ತೆಗೆಯುವ ವಿಧಾನ ಪಠ್ಯದಲ್ಲಿದೆ, ನೀವೂ ಕಲಿಸಿರುತ್ತೀರಿ. ಅದು ಇಂಥ ಹೊಸ ಬಾಟಲಿಗೆ ಮಾತ್ರ. ನಿಮ್ಮ ಎರಡಕ್ಕೂ ಪಟ್ಟಿಯೂ ಬೇಡ, ಫೆರಸ್ ಸಲ್ಫೇಟೂ ಬೇಡ. ಎರಡಕ್ಕೂ ಮುಚ್ಚಳ ತೆಗೆಯಬೇಕಲ್ವಾ?

ಇವತ್ತೇ ಪ್ರಾಂಶುಪಾಲರಿಗೆ ಬರಹದಲ್ಲಿ ತಿಳಿಸಿ. ಬಾಯಿಮಾತು ಸಾಲದು. ರೂಮಿನಲ್ಲಿ ಈಥರ್ ವಾಸನೆ ಬರುತ್ತಿದ್ದರೆ ದೀಪ, ಫ್ಯಾನ್ ಯಾವ ಸ್ವಿಚ್ಚನ್ನೂ ಒತ್ತಬೇಡಿ, ಆರಿಸಲೂ ಬೇಡ. ಹೊರಬಂದು 112ಕ್ಕೆ ಕರೆ ಮಾಡಿ. ವಾಸನೆ ಇಲ್ಲದಿದ್ದರೆ ಪ್ರಾಂಶುಪಾಲರ ಮೂಲಕ ಸ್ಥಳೀಯ ಪೊಲೀಸರಿಗೆ ತಿಳಿಸಿ, ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳದವರ ಸಹಾಯ ಕೇಳಿ. ಬಾಟಲಿಯನ್ನು ತಾವೇ ಎತ್ತಬೇಕೋ, ಅಲ್ಲೇ ನಿಭಾಯಿಸಬೇಕೋ ಎಂದು ಅವರು ನಿರ್ಧರಿಸುತ್ತಾರೆ. ಅದು ನಿಮ್ಮ ನಿರ್ಧಾರವಲ್ಲ, ನನ್ನದೂ ಅಲ್ಲ. ಉಳಿದ ಹಳೆಯ ರಾಸಾಯನಿಕಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಅಪಾಯಕಾರಿ ತ್ಯಾಜ್ಯ ಸಂಸ್ಥೆಗಳಿವೆ. ಅವರಿಗೆ ಕೊಡಿ. ಆದರೆ ಈ ಮೂರು ಬಾಟಲಿಗಳನ್ನು ಆ ಲಾರಿಗೆ ಹಾಕಿ ಕಳಿಸಬೇಡಿ.

ಪೊಲೀಸರು ಅಂದ ಕೂಡಲೇ ಕಾಲೇಜಿನ ಹೆಸರು ಕೆಡುತ್ತದೆ ಎಂದು ಆಡಳಿತದವರು ಹಿಂಜರಿಯುತ್ತಾರೆ. ಇದನ್ನು ತುಂಬಾ ಕಡೆ ನೋಡಿದ್ದೇನೆ. "ನ್ಯಾಕ್ ಮುಗಿಯಲಿ, ಅಲ್ಲಿವರೆಗೆ ಹಿಂದಿನ ಶೆಡ್‌ನಲ್ಲಿಟ್ಟಿರಿ" ಎಂದು ನಿಮಗೂ ಹೇಳಬಹುದು. ದಯವಿಟ್ಟು ಒಪ್ಪಬೇಡಿ. ಶೆಡ್‌ಗೆ ಒಯ್ಯಬೇಕಾದವರು ಅಟೆಂಡರ್. ಅವರಿಗೆ ಅದರೊಳಗೆ ಏನಿದೆ ಎಂಬ ಅರಿವೂ ಇರುವುದಿಲ್ಲ, ಬೇಡ ಎನ್ನುವ ಅಧಿಕಾರವೂ ಇರುವುದಿಲ್ಲ. ಹಾಗೆಂದೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಿಕ್ರಿಕ್ ಆಸಿಡ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅದನ್ನು ನೀರಿನಲ್ಲಿ ನೆನೆಸಿಯೇ ಮಾರುತ್ತಾರೆ, ಸಾಮಾನ್ಯವಾಗಿ 30 ಪ್ರತಿಶತಕ್ಕಿಂತ ಹೆಚ್ಚು ನೀರಿರುತ್ತದೆ. ಒದ್ದೆಯಿದ್ದರೆ ಶಾಂತ. ಒಣಗಿದರೆ ಅದು ಸ್ಫೋಟಕವೇ. ಲೋಹದ ಮುಚ್ಚಳ ಇದ್ದರೆ ಪಿಕ್ರೇಟ್ ಎಂಬ ಲವಣವಾಗಿ ಇನ್ನೂ ಸೂಕ್ಷ್ಮವಾಗುತ್ತದೆ. "ನೀರು ಹಾಕಿಬಿಡಿ ಸರಿಹೋಗುತ್ತೆ" ಎನ್ನುತ್ತಾರೆ. ಒಣಗಿದ ಬಾಟಲಿಗೆ ನೀರು ಹಾಕಲೂ ಮುಚ್ಚಳ ತಿರುಗಿಸಲೇಬೇಕು. ಅದೂ ದಳದವರ ಕೆಲಸ.

ಕೊನೆಗೆ, ಇಂಥ ಬಾಟಲಿ ಇಷ್ಟು ವರ್ಷ ಉಳಿಯುವುದು ಯಾಕೆ? ನಮ್ಮ ಕಾಲೇಜುಗಳಲ್ಲಿ ಮಾರ್ಚ್ ಒಳಗೆ ಅನುದಾನ ಮುಗಿಸಬೇಕು ಎಂದು ಬೇಕಾದ್ದಕ್ಕಿಂತ ಜಾಸ್ತಿ ಕೊಳ್ಳುತ್ತಾರೆ. ಆಮೇಲೆ ದಾಸ್ತಾನು ಪುಸ್ತಕದಲ್ಲಿ ಇದೆ ಎಂಬ ಕಾರಣಕ್ಕೆ ಯಾರೂ ಬಿಸಾಡುವುದಿಲ್ಲ. ಲೆಕ್ಕದಿಂದ ತೆಗೆಯಲು ಸಮಿತಿ ಬೇಕು, ಸಹಿ ಬೇಕು. ಹೀಗೆ ಒಬ್ಬ ಮುಖ್ಯಸ್ಥರಿಂದ ಇನ್ನೊಬ್ಬರಿಗೆ ಬಾಟಲಿ ಬಳುವಳಿಯಾಗಿ ಬರುತ್ತದೆ. ಪ್ರಾಂಶುಪಾಲರಿಗೆ ಬರೆಯುವ ಅದೇ ಪತ್ರದಲ್ಲಿ ಇದನ್ನೂ ಕೇಳಿ: ಈಥರ್, ಟಿಎಚ್‌ಎಫ್‌ನಂಥ ದ್ರಾವಕಗಳನ್ನು ವರ್ಷಕ್ಕೊಮ್ಮೆ ಸಮಿತಿಯ ಸಹಿ ಕಾಯದೆ ಲೆಕ್ಕದಿಂದ ತೆಗೆಯುವ ಅಧಿಕಾರ ವಿಭಾಗದ ಮುಖ್ಯಸ್ಥರಿಗೆ ಕೊಡಲಿ. ಮುಂದೆ ಕೊಳ್ಳುವಾಗ ಆ ವರ್ಷದ ಪ್ರಯೋಗಗಳಿಗೆ ಬೇಕಾದಷ್ಟೇ, ಸಿಗುವ ಅತಿ ಚಿಕ್ಕ ಬಾಟಲಿಯಲ್ಲಿ, ಬಿಎಚ್‌ಟಿ ಸೇರಿಸಿದ್ದನ್ನೇ ಕೊಳ್ಳಿ. ಬಂದ ದಿನ ಒಂದು ದಿನಾಂಕ, ತೆರೆದ ದಿನ ಇನ್ನೊಂದು ದಿನಾಂಕ, ಅಳಿಸದ ಪೆನ್ನಿನಲ್ಲಿ ಬಾಟಲಿಯ ಮೇಲೆಯೇ ಬರೆಸಿ.